ಸರಪಳಿಯೂ ನಕ್ಷತ್ರವೂ: ಮೈಸೂರು ನೆಲದಲ್ಲಿ ಮೊದಲಾದ ಮಹಾಮಾಪನ

1799ರ ಏಪ್ರಿಲ್ ತಿಂಗಳ ಒಂದು ರಾತ್ರಿ. ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದ ಕಂಪನಿಯ ಸೈನ್ಯದ ಒಂದು ತುಕಡಿ, ಜನರಲ್ ಬೇರ್ಡ್‌ನ ನೇತೃತ್ವದಲ್ಲಿ ತೋಪುಗಳ ಕತ್ತಲಲ್ಲಿ ಸಾಗಿತ್ತು. ಎದುರಾಳಿಯ ಜಾಡು ಹಿಡಿದು, ಬೆಳಗಾಗುವ ಮೊದಲು ತನ್ನ ಪಾಳೆಯಕ್ಕೆ ಮರಳುವುದು ಅದರ ಕೆಲಸ. ತುಕಡಿಯೊಳಗಿದ್ದ ಅಧಿಕಾರಿಯೊಬ್ಬ ಮೇಲಕ್ಕೆ ನೋಡಿ, ತಾವು ಉತ್ತರಕ್ಕೆ ಹೋಗುತ್ತಿಲ್ಲ, ದಕ್ಷಿಣಕ್ಕೆ, ಅಂದರೆ ಟಿಪ್ಪುವಿನ ಸೈನ್ಯದ ಕಡೆಗೇ ಹೋಗುತ್ತಿದ್ದೇವೆ ಎಂದು ಅರಿಕೆ ಮಾಡಿದ. ನಕ್ಷತ್ರಗಳನ್ನು ಕೇಳಿ ದಂಡು ನಡೆಸುವ ಪದ್ಧತಿ ಬೇರ್ಡ್‌ನಿಗೆ ಇರಲಿಲ್ಲ, ಆತ ಗದರಿಕೊಂಡ. ಕೊನೆಗೆ ಬೆಳಕು ಹಿಡಿದು ದಿಕ್ಸೂಚಿ ನೋಡಿದಾಗ ಅದು ನಕ್ಷತ್ರಗಳ ಪಕ್ಷವನ್ನೇ ವಹಿಸಿತು. ಹಿಂದೆ ಸುಮಾರು ಮೂರೂವರೆ ವರ್ಷ ಅದೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಕೊಳೆತಿದ್ದ ಬೇರ್ಡ್ ಮತ್ತೊಮ್ಮೆ ಅಲ್ಲಿಗೇ ಅತಿಥಿಯಾಗಿ ಹೋಗುವುದು ಹೀಗೆ ತಪ್ಪಿತು.

ಆ ಅಧಿಕಾರಿಯ ಹೆಸರು ವಿಲಿಯಂ ಲ್ಯಾಂಬ್ಟನ್. ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಮನೆಯಲ್ಲಿ ಹುಟ್ಟಿದವನು. ಹುಟ್ಟಿದ ವರ್ಷವೂ ಖಚಿತವಾಗಿ ದಾಖಲಾಗದಷ್ಟು ಸಾಮಾನ್ಯನು. 33ನೇ ಪದಾತಿ ದಳ ಸೇರಿ ಅಮೆರಿಕಕ್ಕೆ ಹೋದ, ಯಾರ್ಕ್‌ಟೌನಿನಲ್ಲಿ ಸೆರೆಸಿಕ್ಕಿದ, ಬಿಡುಗಡೆಯಾದ ಮೇಲೆ ಕೆನಡಾದ ಕಾಡುಸೀಮೆಯಲ್ಲಿ ವರ್ಷಗಟ್ಟಲೆ ಸೈನಿಕರ ವಸತಿಗಳ ಮೇಲ್ವಿಚಾರಣೆ ನೋಡಿಕೊಂಡು ಗಣಿತ ಓದಿದ. ಮಸಿ ಹಿಡಿಸಿದ ಗಾಜಿಲ್ಲದೆ ಸೂರ್ಯಗ್ರಹಣವನ್ನು ನೋಡಿ ಒಂದು ಕಣ್ಣಿನ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡದ್ದೂ ಆ ಕಾಲದಲ್ಲೇ. ಮುಂದಿನ ಇಪ್ಪತ್ತು ವರ್ಷ ದಕ್ಷಿಣ ಭಾರತವನ್ನು ದೂರದರ್ಶಕದ ಮೂಲಕ ನೋಡುವ ಕೆಲಸ ಒಕ್ಕಣ್ಣನ ಪಾಲಿಗೆ ಬಂದದ್ದು ಚರಿತ್ರೆಯ ಹಾಸ್ಯಪ್ರಜ್ಞೆಗೆ ಸಾಕ್ಷಿ. ದೂರದರ್ಶಕಕ್ಕೆ ಒಂದೇ ಕಣ್ಣು ಸಾಕು ಎಂಬುದು ಅವನ ಅದೃಷ್ಟ.

ಟಿಪ್ಪುವಿನ ಪತನವಾಗಿ ಮೈಸೂರು ಸೀಮೆ ಒಡೆಯರಿಗೆ ಮರಳಿದ ಕೆಲವೇ ತಿಂಗಳಲ್ಲಿ ಮೂವರು ಅಳತೆಗಾರರು ಕನ್ನಡ ನೆಲದಲ್ಲಿ ಓಡಾಡತೊಡಗಿದರು. ಫ್ರಾನ್ಸಿಸ್ ಬುಕಾನನ್ ಬೆಳೆ, ಜಾತಿ, ಕಸುಬುಗಳ ವಿವರ ಬರೆದುಕೊಂಡು ಸಾಗಿದ. ಮದರಾಸು ಎಂಜಿನಿಯರ್ ದಳದ ಕಾಲಿನ್ ಮೆಕೆಂಜಿ ಗ್ರಾಮ, ಗಡಿ, ಕೆರೆ, ಕೋಟೆಗಳ ನಕ್ಷೆ ತೆಗೆಯುತ್ತ, ಜೊತೆಜೊತೆಗೆ ಶಾಸನ ಮತ್ತು ತಾಳೆಗರಿಗಳನ್ನು ರಾಶಿ ಹಾಕಿದ. ಇವರಿಬ್ಬರನ್ನೂ ಕನ್ನಡ ಸಂಶೋಧಕರು ಬಲ್ಲರು. ಮೂರನೆಯವನಾದ ಲ್ಯಾಂಬ್ಟನ್ ಊರುಗಳನ್ನು ಗಮನಿಸಲೇ ಇಲ್ಲ. ಅವನಿಗೆ ಬೇಕಾದದ್ದು ಬೆಟ್ಟದ ತುದಿಗಳು. ಅಲ್ಲಿಂದ ಅವನು ಅಳೆಯಲು ಹೊರಟದ್ದು ಮೈಸೂರನ್ನಲ್ಲ, ಭೂಮಿಯ ಆಕಾರವನ್ನು. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ ಎಂಬುದು ಆಗಲೇ ತಿಳಿದಿತ್ತು. ಎಷ್ಟು ಚಪ್ಪಟೆ ಎಂದು ಹೇಳಲು ಸಮಭಾಜಕ ವೃತ್ತದ ಸಮೀಪದಲ್ಲಿ ಒಂದು ಅಕ್ಷಾಂಶದ ಡಿಗ್ರಿ ನೆಲದ ಮೇಲೆ ಎಷ್ಟು ಉದ್ದವೆಂದು ಗೊತ್ತಾಗಬೇಕು. ಆ ಉದ್ದ ಸುಮಾರು 110.6 ಕಿಲೋಮೀಟರ್, ಧ್ರುವದ ಬಳಿ ಸುಮಾರು 111.7 ಎಂದು ಇಂದು ಶಾಲೆಯ ಪುಸ್ತಕವೂ ಹೇಳೀತು. ಆ ಒಂದು ಕಿಲೋಮೀಟರಿನ ಅಂತರವನ್ನು ಹಿಡಿಯಲು ನೂರಾರು ಮೈಲಿಗಳನ್ನು ಅಂಗುಲಗಳ ಲೆಕ್ಕದಲ್ಲಿ ಅಳೆಯಬೇಕಿತ್ತು.

ಕನ್ನಡಿಗರಿಗೆ ಅಳತೆ ಹೊಸದಾಗಿರಲಿಲ್ಲ. ಶಾಸನಗಳಲ್ಲಿ ಮತ್ತರು, ಕಮ್ಮಗಳ ಲೆಕ್ಕವಿದೆ. ದತ್ತಿಭೂಮಿಯನ್ನು ಯಾವ ಗಳೆಯಿಂದ ಅಳೆದರೆಂಬ ಖಚಿತ ಉಲ್ಲೇಖವಿದೆ. ಬಳ್ಳಿಗಾವೆಯ ಶಾಸನಗಳು ಭೇರುಂಡ ಗಳೆಯನ್ನು ಹೆಸರಿಸುತ್ತವೆ. ಊರೂರಿಗೆ ಗಳೆಯ ಉದ್ದ ಬದಲಾಗುತ್ತಿದ್ದ ಕಾಲದಲ್ಲಿ ಗಳೆಗೊಂದು ಹೆಸರಿಟ್ಟು ಬರೆದದ್ದು ಜಗಳ ತಪ್ಪಿಸುವ ಜಾಣ್ಮೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತಕ್ಕೆ ವಿಸ್ತಾರವಾದ ಅಧ್ಯಾಯವನ್ನು ಮೀಸಲಿಟ್ಟ. ನೆರಳಿನ ಲೆಕ್ಕಕ್ಕೆ ಛಾಯಾವ್ಯವಹಾರವೆಂಬ ಬೇರೆಯೇ ಅಧ್ಯಾಯವನ್ನು ಬರೆದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲೇ ಹೇಳಿದ. ಹೊಲದ ಅಳತೆಗೆ ಇಷ್ಟೆಲ್ಲ ಎಚ್ಚರ. ದೂರದ ವಿಷಯ ಬಂದಾಗ ಮಾತ್ರ ಔದಾರ್ಯ: ಕೂಗಳತೆ, ಹರದಾರಿ, ಗಾವುದ. ಕೂಗುವವನ ಕಂಠವನ್ನೂ ಗಾಳಿಯ ದಿಕ್ಕನ್ನೂ ಅವಲಂಬಿಸಿದ ಮಾನವದು. ಬಿಸಿಲಲ್ಲಿ ನಡೆದವನಿಗೆ ಹರದಾರಿ ಹಿಗ್ಗುತ್ತದೆ, ಮಾವನ ಮನೆಯ ದಾರಿಯಲ್ಲಿ ಕುಗ್ಗುತ್ತದೆ. ತ್ರಿಕೋನದ ಗುಣಗಳನ್ನು ಈ ನೆಲಕ್ಕೆ ಲ್ಯಾಂಬ್ಟನ್ ಕಲಿಸಬೇಕಿರಲಿಲ್ಲ. ಅವನು ತಂದದ್ದು ದೂರದ ಅಳತೆಯಲ್ಲಿಯೂ ಔದಾರ್ಯ ಸಲ್ಲದೆಂಬ ಹಟ.

ಅವನ ವಿಧಾನ ಹೇಳುವುದಕ್ಕೆ ಸುಲಭ. ಸಮನೆಲದ ಮೇಲೆ ಒಂದು ನೇರ ಗೆರೆಯನ್ನು ಅತ್ಯಂತ ಎಚ್ಚರದಿಂದ ಅಳೆಯಬೇಕು, ಅದು ಆಧಾರರೇಖೆ. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಏರ್ಪಡುವ ಕೋನಗಳನ್ನು ನೋಡಬೇಕು. ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದೆರಡು ಭುಜಗಳು ಲೆಕ್ಕದಿಂದ ದೊರೆಯುತ್ತವೆ. ದೊರೆತ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಬಲೆ ಹೆಣೆಯುತ್ತ ಹೋದರೆ ಮತ್ತೆ ನೆಲ ಅಳೆಯುವ ಕಷ್ಟವಿಲ್ಲ. ಆದರೆ ಮೊದಲ ಗೆರೆಯಲ್ಲಿ ನುಸುಳಿದ ತಪ್ಪು ಪ್ರತಿ ತ್ರಿಕೋನಕ್ಕೂ ವಂಶಪಾರಂಪರ್ಯವಾಗಿ ಇಳಿದು ಬರುತ್ತದೆ. ಮೂಲಪ್ರತಿಯ ದೋಷ ಪ್ರತಿಯಿಂದ ಪ್ರತಿಗೆ ಬೆಳೆಯುವುದನ್ನು ಕಂಡ ಗ್ರಂಥಸಂಪಾದಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಆಧಾರರೇಖೆಗೆ ಆರಿಸಿಕೊಂಡ ಸ್ಥಳ ಬೆಂಗಳೂರಿನ ಬಯಲು. ಅಳತೆಗೆ ಬೇಕಾದ ಸಾಧನಗಳು ಭಾರತದಲ್ಲಿ ಸಿಕ್ಕ ಬಗೆ ಒಂದು ಪ್ರಹಸನಕ್ಕೆ ವಸ್ತುವಾಗಬಲ್ಲದು. ಲಂಡನ್ನಿನ ಪ್ರಸಿದ್ಧ ಯಂತ್ರಶಿಲ್ಪಿ ರಾಮ್ಸ್‌ಡೆನ್ ಮಾಡಿದ ನೂರು ಅಡಿಯ ಉಕ್ಕಿನ ಸರಪಳಿಯನ್ನು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ 1793ರಲ್ಲಿ ಲಾರ್ಡ್ ಮೆಕಾರ್ಟ್ನಿಯ ನಿಯೋಗದೊಡನೆ ಕಳುಹಿಸಲಾಗಿತ್ತು. ಚಕ್ರವರ್ತಿಗೆ ಅದು ಬೇಡವಾಯಿತು. ಸ್ವರ್ಗಪುತ್ರನಿಗೆ ಸರಪಳಿ ಕೊಡುವುದು ಯಾವ ರಾಜನೀತಿಯೋ! ನಿಯೋಗದ ಜೊತೆಗಿದ್ದ ಡಾಕ್ಟರ್ ಡಿನ್‌ವಿಡ್ಡಿಯ ಕೈಸೇರಿದ ಆ ಸರಪಳಿಯೂ ನಕ್ಷತ್ರಗಳ ಉನ್ನತಿಯನ್ನು ಅಳೆಯುವ ಯಂತ್ರವೂ ಕಲ್ಕತ್ತೆಗೆ ಬಂದು, ಅಲ್ಲಿ ಮಾರಾಟವಾಗಿ, ಲ್ಯಾಂಬ್ಟನ್ನನ ಬಳಿಗೆ ಬಂದವು. ಬೀಜಿಂಗಿನ ಅರಮನೆಯಲ್ಲಿ ಧೂಳು ಹಿಡಿಯಬೇಕಾಗಿದ್ದ ಉಕ್ಕು ಬೆಂಗಳೂರಿನ ರಾಗಿ ಹೊಲಗಳ ಮೇಲೆ ಹಾಸಿತು.

1800ರ ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ಈ ಅಳತೆ ನಡೆಯಿತು. ಗೆರೆಯ ಉದ್ದ ಸುಮಾರು 7.43 ಮೈಲಿ. ಇಂದಿನ ಬೆಂಗಳೂರಿಗ ವಾಹನ ಸಂದಣಿಯನ್ನು ಶಪಿಸುತ್ತ ಒಂದು ಗಂಟೆಯಲ್ಲಿ ದಾಟುವ ಈ ದೂರಕ್ಕೆ ಸುಮಾರು ಎರಡು ತಿಂಗಳು ಹಿಡಿದದ್ದೇಕೆ? ಸರಪಳಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವಂತಿರಲಿಲ್ಲ. ಅದನ್ನು ಮರದ ಉದ್ದನೆಯ ತೊಟ್ಟಿಗಳಲ್ಲಿ ಮಲಗಿಸಬೇಕು. ತೊಟ್ಟಿಗಳನ್ನು ಮುಕ್ಕಾಲುಗಳ ಮೇಲೆ ನಿಲ್ಲಿಸಿ, ತಿರುಪುಗಳನ್ನು ತಿರುಗಿಸಿ ಸಮಮಟ್ಟಕ್ಕೆ ತರಬೇಕು. ಸರಪಳಿಯ ತುದಿಗೆ ಗೊತ್ತಾದ ತೂಕ ಕಟ್ಟಿ ಬಿಗಿಯಬೇಕು. ಬಿಸಿಲು ಬೀಳದಂತೆ ಮರೆ ಮಾಡಬೇಕು. ಉಷ್ಣಮಾಪಕಗಳನ್ನು ಓದಿ ಬರೆದುಕೊಳ್ಳಬೇಕು. ಎಲ್ಲ ಸರಿಹೋದ ಮೇಲೆ ತುದಿಯ ಗುರುತು ಹಾಕಿ, ನೂರು ಅಡಿ ಮುಂದಕ್ಕೆ ಹೋಗಿ ಮತ್ತೆ ಮೊದಲಿನಿಂದ. ಸುಮಾರು 390 ಬಾರಿ ಹೀಗೆ. ದಿನಕ್ಕೆ ಸರಾಸರಿ ಏಳೆಂಟು ಸಲಕ್ಕೆ ಮೀರದ ಪ್ರಗತಿ. ಬಸವನ ಹುಳುವೂ ನಾಚುವ ವೇಗ.

ಉಷ್ಣಮಾಪಕದ ಗೀಳು ವ್ಯರ್ಥವಾಗಿರಲಿಲ್ಲ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ನೂರು ಅಡಿಯ ಸರಪಳಿ ಒಂದು ಫ್ಯಾರನ್‌ಹೀಟ್ ಡಿಗ್ರಿಗೆ ಹಿಗ್ಗುವುದು ಅಂಗುಲದ ನೂರರಲ್ಲೊಂದು ಭಾಗಕ್ಕೂ ಕಡಿಮೆ. ನಗಣ್ಯವೆನ್ನಬಹುದು. ಆದರೆ ಅದನ್ನು 390 ಸಲ ಹಾಸಿದಾಗ ಒಂದು ಡಿಗ್ರಿಯ ಅಲಕ್ಷ್ಯ ಸುಮಾರು ಮೂರು ಅಂಗುಲವಾಗುತ್ತದೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ನಡುವಿನ ಇಪ್ಪತ್ತು ಡಿಗ್ರಿಗಳನ್ನು ಮರೆತರೆ ಐದು ಅಡಿ. ಏಳೂವರೆ ಮೈಲಿಗೆ ಐದು ಅಡಿ ತಪ್ಪಿದವನು ಭೂಮಿಯ ಚಪ್ಪಟೆತನದ ಬಗ್ಗೆ ಬಾಯಿಬಿಡುವ ಅಧಿಕಾರವನ್ನೇ ಕಳೆದುಕೊಳ್ಳುತ್ತಾನೆ.

ಕೋನಗಳನ್ನು ನೋಡಲು ಬೇಕಾದ ಮಹಾ ಥಿಯೊಡೊಲೈಟ್ ಲಂಡನ್ನಿನ ಕೇರಿಯ ಕಮ್ಮಟದಲ್ಲಿ ಸಿದ್ಧವಾಯಿತು. ಅದರ ಅಡ್ಡಚಕ್ರದ ವ್ಯಾಸವೇ ಮೂರು ಅಡಿ. ಒಟ್ಟು ತೂಕ ಸುಮಾರು ಅರ್ಧ ಟನ್. ಹಡಗಿನಲ್ಲಿ ಬರುತ್ತಿರುವಾಗ ಫ್ರೆಂಚರು ಹಡಗನ್ನೇ ಹಿಡಿದು ಮಾರಿಷಸ್ಸಿಗೆ ಒಯ್ದರು. ಪೆಟ್ಟಿಗೆ ಬಿಚ್ಚಿ ನೋಡಿದಾಗ ಅದು ಫಿರಂಗಿಯಲ್ಲ, ವಿಜ್ಞಾನದ ಉಪಕರಣ ಎಂದು ತಿಳಿಯಿತು. ದ್ವೀಪದ ಫ್ರೆಂಚ್ ಗವರ್ನರ್ ಅದನ್ನು ಮತ್ತೆ ಕಟ್ಟಿಸಿ, ಶುಭಾಶಯಗಳೊಡನೆ ಮದರಾಸಿಗೆ ಕಳುಹಿಸಿಕೊಟ್ಟ. ಆ ಕಾಲದ ವೈರಿಗಳಿಗೂ ಭೂಮಿಯ ಆಕಾರ ಉಭಯಪಕ್ಷಕ್ಕೂ ಸೇರಿದ್ದೆಂಬ ತಿಳಿವಳಿಕೆ ಇತ್ತು. 1802ರ ಸೆಪ್ಟೆಂಬರಿನಲ್ಲಿ ಯಂತ್ರ ಮದರಾಸು ತಲುಪಿತು. ಅಷ್ಟರಲ್ಲಿ ಲ್ಯಾಂಬ್ಟನ್, ಬೆಂಗಳೂರಿನ ಮೊದಲ ಗೆರೆಯನ್ನೇ ನಂಬಿ ಕೂರದೆ, ಮದರಾಸಿನ ಪರಂಗಿಮಲೆಯ ಬಳಿ ಅದೇ ವರ್ಷದ ಏಪ್ರಿಲ್ 10ರಂದು ಇನ್ನೊಂದು ಆಧಾರರೇಖೆಯ ಅಳತೆಗೆ ತೊಡಗಿದ್ದ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ತನ್ನ ಜನ್ಮದಿನವೆಂದು ಎಣಿಸುವುದು ಈ ದಿನವನ್ನೇ. ಬೆಂಗಳೂರು ಆ ಗೌರವದಿಂದ ಕೂದಲೆಳೆಯಲ್ಲಿ ವಂಚಿತವಾಯಿತು.

ವಂಚನೆಗೆ ಪ್ರತಿಫಲವೆಂಬಂತೆ ಬೆಂಗಳೂರಿಗೆ ಪರೀಕ್ಷಕನ ಪಾತ್ರ ದೊರೆಯಿತು. ಮದರಾಸಿನಿಂದ ಹೊರಟ ತ್ರಿಕೋನಗಳು ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದಾಗ, 1804ರಲ್ಲಿ ಇಲ್ಲಿ ಹೊಸದೊಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದರು. ಅದರ ಉದ್ದ ಎಷ್ಟಿರಬೇಕೆಂಬುದು ಮದರಾಸಿನ ಗೆರೆಯಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಮೊದಲೇ ಗೊತ್ತಾಗಿತ್ತು. ಲೆಕ್ಕಕ್ಕೂ ನೆಲದ ಅಳತೆಗೂ ಕಂಡ ವ್ಯತ್ಯಾಸ 3.7 ಅಂಗುಲ. ಇನ್ನೂರು ಮೈಲಿಗಳಾಚೆ ಹುಟ್ಟಿದ ಸಂಖ್ಯೆ, ಬೆಟ್ಟಗಳನ್ನು ನೆಗೆದು ಬಂದು, ಏಳು ಮೈಲಿಯ ಗೆರೆಯೊಂದನ್ನು ನಾಲ್ಕು ಬೆರಳಿನಷ್ಟು ಅಂತರದಲ್ಲಿ ಊಹಿಸಿತ್ತು. ಒಂದು ಪಾಠವನ್ನು ಬೇರೆ ಪರಂಪರೆಯ ಪ್ರತಿಯೊಡನೆ ಹೋಲಿಸಿ ನೋಡಿದಾಗ ಎರಡೂ ಕೂಡಿಬಂದರೆ ಸಂಪಾದಕನಿಗೆ ಆಗುವ ನೆಮ್ಮದಿಯನ್ನು ಇಲ್ಲಿ ನೆನೆಯಬಹುದು. ಈ ಕೆಲಸದ ಅತ್ಯಂತ ಸುಂದರ ಕ್ಷಣ ಇದೇ. ಇದರ ಮುಂದೆ ಎವರೆಸ್ಟ್ ಶಿಖರದ ಎತ್ತರದ ಕಥೆಯೂ ಸ್ವಲ್ಪ ಮಂಕು.

ತ್ರಿಕೋನಗಳು ಮತ್ತೂ ಪಶ್ಚಿಮಕ್ಕೆ ಸಾಗಿ ಮಂಗಳೂರಿನ ಕಡಲು ಮುಟ್ಟಿದವು. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಂದಿನ ಒಳ್ಳೆಯ ನಕ್ಷೆಗಳು ತೋರಿಸುತ್ತಿದ್ದವು. ಲ್ಯಾಂಬ್ಟನ್ನನ ಪ್ರಕಾರ ಅದು ಸುಮಾರು 360. ಕಂಪನಿ ಸರ್ಕಾರ ಯುದ್ಧ ಮಾಡಿ, ರಕ್ತ ಚೆಲ್ಲಿ ಗಳಿಸಿದ ನಾಡಿನಲ್ಲಿ ನಲವತ್ತು ಮೈಲಿ ಅಗಲವನ್ನು ಅದರದೇ ನೌಕರ ಒಂದು ಗುಂಡೂ ಹಾರಿಸದೆ ಕಳೆದುಬಿಟ್ಟಿದ್ದ. ಇಂಥ ಸೇವೆಗೆ ಸಂಬಳ ಕೊಡಬೇಕೇ ಎಂದು ಮದರಾಸಿನ ಹಣಕಾಸಿನವರಿಗೆ ಅನಿಸಿದ್ದು ಸಹಜ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿಯ ಬೋವಿಗಳ ಮುಖ್ಯಸ್ಥನಿಗೆ ಹೇಳಿದರೆ ಸಾಕು, ಅವನು ಲ್ಯಾಂಬ್ಟನ್ನನ ನಕ್ಷೆಯ ನೆರವಿಲ್ಲದೆಯೇ ಕರೆದುಕೊಂಡು ಹೋಗುತ್ತಾನೆ ಎಂದು ಅವರಲ್ಲೊಬ್ಬ ಚುಚ್ಚಿದ್ದು ಪ್ರಸಿದ್ಧವಾಗಿದೆ. ಮಾತೇನೋ ನಿಜ. ಬೋವಿ ದಾರಿ ತಪ್ಪುತ್ತಿರಲಿಲ್ಲ. ಶ್ರೀರಂಗಪಟ್ಟಣದ ಹೊರಗೆ ಕತ್ತಲಲ್ಲಿ ದಾರಿ ತಪ್ಪಿದವನು ಜನರಲ್ ಬೇರ್ಡ್ ಎಂಬುದನ್ನು ಮಾತ್ರ ಆ ಮಹನೀಯ ಮರೆತಿದ್ದ.

ಪರಿಹಾಸ ಕಚೇರಿಯಲ್ಲಷ್ಟೇ ಇರಲಿಲ್ಲ. ಬೆಟ್ಟದ ನೆತ್ತಿಯಲ್ಲೋ ಗೋಪುರದ ಮೇಲೋ ನಿಂತು ಹಿತ್ತಾಳೆಯ ಕೊಳವೆಯಿಂದ ಊರಿನ ಕಡೆ ನೋಡುವ ಪರದೇಶಿಗಳ ಮೇಲೆ ಜನಕ್ಕೆ ಸಂಶಯ ಬಾರದಿದ್ದೀತೆ? ಅಂತಃಪುರದ ಹೆಂಗಸರನ್ನು ನೋಡುತ್ತಿದ್ದಾರೆಂಬ ಗುಲ್ಲು ಅಲ್ಲಲ್ಲಿ ಎದ್ದಿತು. ಈ ದೂರದರ್ಶಕಗಳಲ್ಲಿ ಬಿಂಬ ತಲೆಕೆಳಗಾಗಿ ಕಾಣುತ್ತದೆ ಎಂಬ ಸಂಗತಿ ಹೊರಬಿದ್ದಾಗ ಅನುಮಾನ ಶಮನವಾಗುವ ಬದಲು ಇಮ್ಮಡಿಯಾಯಿತು. ನಗುವ ಮೊದಲು ಒಂದನ್ನು ನೆನೆಯಬೇಕು. ಅಳತೆಯ ಹಿಂದೆಯೇ ಕಂದಾಯ ಬರುತ್ತದೆಂಬುದು ರೈತನ ಅನುಭವ; ಬೆಟ್ಟದ ಬಾವುಟದ ಹಿಂದೆಯೇ ದಂಡು ಬರುತ್ತದೆಂಬುದು ಪಾಳೆಯಗಾರನ ಅನುಭವ. ಎರಡೂ ಸುಳ್ಳಾಗಲಿಲ್ಲ. ಲ್ಯಾಂಬ್ಟನ್ನನ ಕಣ್ಣು ಭೂಮಿಯ ವಕ್ರತೆಯ ಮೇಲಿದ್ದರೂ ಅವನಿಗೆ ಹಣ ಕೊಟ್ಟವರ ಕಣ್ಣು ಬೇರೆಯದರ ಮೇಲಿತ್ತು.

ಕಾವೇರಿಯ ಮುಖಜಭೂಮಿಯಲ್ಲಿ ಬೆಟ್ಟಗಳಿಲ್ಲ. ಅಲ್ಲಿ ದೇವಾಲಯದ ಗೋಪುರಗಳೇ ಬೆಟ್ಟ. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಎತ್ತರಕ್ಕೆ ಮಹಾಯಂತ್ರವನ್ನು ಹಗ್ಗ ರಾಟೆಗಳಿಂದ ಏರಿಸುತ್ತಿರುವಾಗ, ಅದು ಗೋಡೆಗೆ ತಾಗದಂತೆ ಹಿಡಿದಿದ್ದ ಹಗ್ಗ ಕಡಿಯಿತು. ಅರ್ಧ ಟನ್ನಿನ ಯಂತ್ರ ತೂಗಾಡಿ ಕಲ್ಲಿಗೆ ಅಪ್ಪಳಿಸಿತು. ಕೂದಲೆಳೆಯಷ್ಟು ಸೂಕ್ಷ್ಮವಾಗಿ ಗೆರೆ ಕೊರೆದಿದ್ದ ಚಕ್ರ ಸೊಟ್ಟಗಾಯಿತು. ಇಂಗ್ಲೆಂಡಿಗೆ ಬರೆದು ಹೊಸದನ್ನು ತರಿಸುವುದೆಂದರೆ ವರ್ಷಗಳ ಮಾತು. ಪಲ್ಲಕ್ಕಿಯ ವಾದ ಹೂಡಿದವರಿಗೆ ಕೆಲಸವನ್ನೇ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ.

ಲ್ಯಾಂಬ್ಟನ್ ಯಂತ್ರದೊಡನೆ ಡೇರೆಯೊಳಗೆ ಸೇರಿಕೊಂಡ. ಮುಖ್ಯ ಕುಶಲಕರ್ಮಿಗಳ ಹೊರತು ಬೇರೆ ಯಾರಿಗೂ ಪ್ರವೇಶವಿಲ್ಲ. ಯಂತ್ರವನ್ನು ಬಿಡಿಬಿಡಿಯಾಗಿ ಬಿಚ್ಚಿದ. ಚಕ್ರ ಎಷ್ಟು ದೊಡ್ಡದಿರಬೇಕೋ ಅಷ್ಟೇ ಅಳತೆಯ ವೃತ್ತವೊಂದನ್ನು ಅಗಲವಾದ ಹಲಗೆಯ ಮೇಲೆ ಬರೆದ. ಸೊಟ್ಟಗಾದ ಚಕ್ರವನ್ನು ಅದರ ಮೇಲಿಟ್ಟು, ಬೆಣೆ, ತಿರುಪು, ರಾಟೆಗಳಿಂದ ಎಲ್ಲೆಲ್ಲಿ ಒಳಸರಿದಿದೆಯೋ ಅಲ್ಲಲ್ಲಿ ಎಳೆಎಳೆದು ಹಲಗೆಯ ಗೆರೆಗೆ ಕೂಡಿಸುತ್ತ ಬಂದ. ಬಾಗಿದ ಅರಗಳನ್ನು ಮರದ ಚಿಕ್ಕ ಸುತ್ತಿಗೆಗಳಿಂದ ಮೆಲ್ಲಮೆಲ್ಲನೆ ತಟ್ಟಿ ನೇರ ಮಾಡಿದರು. ಆರು ವಾರಗಳ ತರುವಾಯ ಚಕ್ರ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಬಂತು. ಲಂಡನ್ನಿನ ಕಮ್ಮಟದ ಸೂಕ್ಷ್ಮ ಕೌಶಲಕ್ಕೆ ಒದಗಿದ ವಿಪತ್ತನ್ನು, ಊರ ಕಂಚುಗಾರನೊಬ್ಬ ತಗ್ಗುಬಿದ್ದ ಕೊಡವನ್ನು ಸರಿಪಡಿಸುವ ವಿಧಾನದಿಂದಲೇ ನಿವಾರಿಸಿದ್ದು. ಅನಂತರ ವರ್ಷಾನುಗಟ್ಟಲೆ ಅದೇ ಯಂತ್ರ ಕೆಲಸ ಮಾಡಿತು. ಡೇರೆಯೊಳಗೆ ಸುತ್ತಿಗೆ ಹಿಡಿದ ಕೈಗಳು ಯಾರವು? ದಾಖಲೆ ಅವರನ್ನು ಕುಶಲಕರ್ಮಿಗಳು ಎಂದಷ್ಟೇ ಕರೆದು ಮುಂದೆ ಹೋಗುತ್ತದೆ.

ಹೀಗೆ ಹೆಸರಿಲ್ಲದೆ ಹೋದವರೇ ಹೆಚ್ಚು. ಬಾವುಟ ಹಿಡಿದು ವಾರಗಟ್ಟಲೆ ಬೆಟ್ಟದ ಮೇಲೆ ಕಾದವರು, ಯಂತ್ರವನ್ನು ಹೆಗಲ ಮೇಲೆ ಹೊತ್ತ ಖಲಾಸಿಗಳು, ದೃಷ್ಟಿಗೆ ಅಡ್ಡವಾದ ಮರ ಕಡಿದವರು. ಮಳೆ ತೊಳೆದ ಗಾಳಿಯಲ್ಲಿ ದೂರದ ಬೆಟ್ಟಗಳು ನಿಚ್ಚಳವಾಗಿ ಕಾಣುತ್ತವೆ. ಆದ್ದರಿಂದ ಅಳತೆಗೆ ಪ್ರಶಸ್ತವಾದ ಕಾಲವೇ ಚಳಿಜ್ವರಕ್ಕೂ ಪ್ರಶಸ್ತ. ಲ್ಯಾಂಬ್ಟನ್ನನ ಸಹಾಯಕನಾಗಿ ಬಂದ ಜಾರ್ಜ್ ಎವರೆಸ್ಟ್ 1819ರಲ್ಲಿ ಹೈದರಾಬಾದ್ ಸೀಮೆಯ ಕಾಡಿನಲ್ಲಿ ಕೆಲಸ ನಡೆಸಿದಾಗ ಇಡೀ ತಂಡ ಜ್ವರದಿಂದ ಮಲಗಿತು. ಅವರನ್ನು ಹೊತ್ತು ತರಲು ಹೈದರಾಬಾದಿನಿಂದ ಆನೆ, ಪಲ್ಲಕ್ಕಿ, ಡೋಲಿಗಳು ಹೋಗಬೇಕಾಯಿತು. ಹದಿನೈದು ಮಂದಿ ಬದುಕಿ ಬರಲಿಲ್ಲ. ಚೇತರಿಸಿಕೊಂಡ ಎವರೆಸ್ಟನ ಹೆಸರು ಅವನು ಎಂದೂ ಅಳೆಯದ ಪರ್ವತಕ್ಕೆ ಹತ್ತಿತು.

ಸಹಾಯಕರಲ್ಲಿ ಒಬ್ಬನ ಹೆಸರು ಮಾತ್ರ ಕನ್ನಡನಾಡಿನ ಚರಿತ್ರೆಯಲ್ಲಿ ಬೇರೆ ಕಾರಣಕ್ಕೆ ಉಳಿದಿದೆ. 33ನೇ ದಳದವನೇ ಆದ ಜಾನ್ ವಾರನ್, ಹುಟ್ಟಿನಿಂದ ಫ್ರೆಂಚನು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಗುರುತಿಸುತ್ತಿದ್ದಾಗ ಕೋಲಾರದ ಸೀಮೆಯಲ್ಲಿ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನವೆಂದು ಸಾರಿದ. ಉರಿಗಾಮಿನ ಕಡೆಯ ಹಳ್ಳಿಗರು ಗಾಡಿಯಲ್ಲಿ ಮಣ್ಣು ತುಂಬಿ ತಂದು, ಅವನ ಎದುರಿನಲ್ಲೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಶತಮಾನದ ಕೊನೆಗೆ ಅಲ್ಲಿ ದೊಡ್ಡ ಗಣಿಗಳೆದ್ದವು. ಅವುಗಳ ಯಂತ್ರಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿ ಎಳೆದು ವಿದ್ಯುತ್ತನ್ನು ಹರಿಸಿದರು. 1804ರ ಬೆಂಗಳೂರು ಆಧಾರರೇಖೆಯ ಅಳತೆಯಲ್ಲಿ ದುಡಿದವನೂ ಈ ವಾರನ್ನನೇ. ಮುಂದೆ ಅವನು ದಕ್ಷಿಣ ಭಾರತದ ಪಂಚಾಂಗ ಪದ್ಧತಿಗಳನ್ನು ಕುರಿತು ‘ಕಾಲಸಂಕಲಿತ’ ಎಂಬ ಗ್ರಂಥ ಬರೆದು 1825ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ. ಶಾಸನದ ತಿಥಿ ವಾರಗಳೊಡನೆ ಗುದ್ದಾಡುವವರು ಆ ಹೊತ್ತಗೆಗೆ ಒಂದು ನಮಸ್ಕಾರ ಸಲ್ಲಿಸಬಹುದು.

ಲ್ಯಾಂಬ್ಟನ್ ಕನ್ಯಾಕುಮಾರಿಯ ಬಳಿಯಿಂದ ಉತ್ತರಕ್ಕೆ ತ್ರಿಕೋನಗಳನ್ನು ಏರಿಸುತ್ತ ಸುಮಾರು ಹತ್ತು ಡಿಗ್ರಿಗಳ ರೇಖಾಂಶ ಚಾಪವನ್ನು ಅಳೆದ. ಅದರ ನಕ್ಷತ್ರವೀಕ್ಷಣೆಯ ಠಾಣ್ಯಗಳಲ್ಲಿ ಬೆಂಗಳೂರಿನ ದೊಡ್ಡಗುಂಟವೂ ಒಂದು. ಆಕಾಶದಿಂದ ತಿಳಿದ ಅಕ್ಷಾಂಶಕ್ಕೂ ನೆಲದಿಂದ ಲೆಕ್ಕ ಹಾಕಿದ್ದಕ್ಕೂ ಕೆಲವೆಡೆ ಹೊಂದಾಣಿಕೆಯಾಗದಿದ್ದಾಗ, ಅಡಿಯಲ್ಲಿರುವ ಸಾಂದ್ರವಾದ ಪದಾರ್ಥ ತೂಗುಗುಂಡನ್ನೇ ಪಕ್ಕಕ್ಕೆ ಸೆಳೆಯುತ್ತಿರಬಹುದೆಂದು ಶಂಕಿಸಿದ. ಹೊಂದದ ಅಂಕಿಯನ್ನು ತಿದ್ದಿ ಹೊಂದಿಸದೆ ಅದನ್ನು ಹಾಗೆಯೇ ಪ್ರಕಟಿಸಿದ ಈ ಗುಣಕ್ಕೆ ಯೂರೋಪು ಬೆಲೆ ಕೊಟ್ಟಿತು. ಫ್ರೆಂಚ್ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡ ಮೇಲೆಯೇ ಅವನ ಸ್ವದೇಶಕ್ಕೂ ಅವನ ನೆನಪಾದದ್ದು. ಸುಮಾರು 1,65,000 ಚದರ ಮೈಲಿ ಅಳೆದು ಮುಗಿಸಿ, ನಾಗಪುರದ ದಾರಿಯಲ್ಲಿ, ಹಿಂಗಣಘಾಟಿನಲ್ಲಿ 1823ರ ಜನವರಿ 20ರಂದು ಡೇರೆಯಲ್ಲೇ ತೀರಿಕೊಂಡ.

ಅವನ ಮಹಾಯಂತ್ರಕ್ಕೆ ಇನ್ನೂ ಆಯುಸ್ಸಿತ್ತು. ಎವರೆಸ್ಟ್ ಅದನ್ನು ಹೆನ್ರಿ ಬ್ಯಾರೋ ಎಂಬ ಯಂತ್ರಶಿಲ್ಪಿಯಿಂದ ಜೀರ್ಣೋದ್ಧಾರ ಮಾಡಿಸಿದ. ಬ್ಯಾರೋನ ಬಳಿಕ ಸರ್ವೇಕ್ಷಣೆಯ ಯಂತ್ರಶಾಲೆಯ ಹೊಣೆ ಹೊತ್ತವನು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್. ಅವನ ಯಂತ್ರಜ್ಞಾನ ಯಾವ ಗ್ರಂಥದಿಂದಲೂ ಬಂದದ್ದಲ್ಲ, ಕೈಯಿಂದ ಬಂದದ್ದು. ಯಾರನ್ನೂ ಸುಲಭವಾಗಿ ಮೆಚ್ಚದ ಎವರೆಸ್ಟ್ ಇವನನ್ನು ಮೆಚ್ಚಿದ. ತಂಜಾವೂರಿನ ಡೇರೆಯಲ್ಲಿ ಮರೆಯಾದ ಕೈಗಳಿಗೆ ಒಂದು ಹೆಸರು ದೊರೆತದ್ದು ಹೀಗೆ, ಮೂರು ದಶಕ ತಡವಾಗಿ, ಬೇರೊಬ್ಬನಲ್ಲಿ.

ಮೆಕೆಂಜಿಯ ವಿಷಯದಲ್ಲಿ ಚರಿತ್ರೆ ಸ್ವಲ್ಪ ಉದಾರವಾಗಿದೆ. ಎಂಜಿನಿಯರನಾಗಿ ಅವನು ತೆಗೆದ ಮೈಸೂರಿನ ನಕ್ಷೆಗಳನ್ನು ಇಂದು ಬಿಚ್ಚುವವರು ವಿರಳ. ಬಿಡುವಿನ ಗೀಳೆಂದು ಮೇಲಧಿಕಾರಿಗಳು ಭಾವಿಸಿದ್ದ ಸಂಗ್ರಹವೇ ಅವನ ಹೆಸರನ್ನು ಉಳಿಸಿತು. 1828ರಲ್ಲಿ ವಿಲ್ಸನ್ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಹಸ್ತಪ್ರತಿಗಳು, 8,076 ಶಾಸನಗಳ ನಕಲುಗಳು. ಹಳಗನ್ನಡ ಶಾಸನಗಳ ಬೀಗ ತೆಗೆದುಕೊಟ್ಟವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಅದೇ ಕನಕಗಿರಿಯ ‘ರಾಜಾವಳಿ ಕಥೆ’ಯ ದೇವಚಂದ್ರನಿಗೂ ಈ ಸರ್ವೇಕ್ಷಣೆಯ ಸಂಪರ್ಕವಾಗಿತ್ತು. ನೆಲ ಅಳೆಯಲು ಬಂದವನಿಗೆ ನೆಲದ ಮಾತನ್ನು ಓದಿ ಹೇಳುವವರು ಬೇಕಾದರು. ಸರಪಳಿ ಇದನ್ನು ಮಾಡಲಾರದು.

1816ರಲ್ಲಿ ಥಾಮಸ್ ಹಿಕಿ ಬಿಡಿಸಿದ ಮೆಕೆಂಜಿಯ ತೈಲಚಿತ್ರದಲ್ಲಿ ಅವನು ಒಬ್ಬಂಟಿಯಾಗಿಲ್ಲ. ಕೆಂಪು ಕೋಟಿನ ಅವನ ಸುತ್ತ ಮೂವರು ಭಾರತೀಯರು. ತಾಳೆಗರಿ ಹಿಡಿದ ಪಂಡಿತನನ್ನು ಧರ್ಮಯ್ಯನೆಂದೂ, ಇನ್ನೊಬ್ಬನನ್ನು ಕಾವಲಿ ಲಕ್ಷ್ಮಯ್ಯನೆಂದೂ ಗುರುತಿಸಲಾಗಿದೆ. ಹಿನ್ನೆಲೆಯ ಬೆಟ್ಟದ ಮೇಲೆ ಸರ್ವೇಕ್ಷಣೆಯ ಗುರುತಿನ ಕಂಬ, ತುದಿಯಲ್ಲೊಂದು ಬುಟ್ಟಿ. ಇನ್ನೊಂದೆಡೆ ಗೊಮ್ಮಟನ ವಿಗ್ರಹ, ಕಾರ್ಕಳದ್ದೆಂದು ವಿದ್ವಾಂಸರ ಎಣಿಕೆ. ಮೂರನೆಯವನು ಕಿಷ್ಟನಾಜಿ ಎಂಬ ಜವಾನ. ದೂರದರ್ಶಕ ಇರುವುದು ಅವನ ಕೈಯಲ್ಲಿ.